ಶತ್ರುವಿನ ಕಿವಿ ಕೆಡಿಸುವ ವಿಮಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಂಬ್ ಹಾಕದ, ಗುಂಡು ಹಾರಿಸದ ಮಿಲಿಟರಿ ವಿಮಾನವೂ ಯುದ್ಧ ಮಾಡುತ್ತೆ ಅಂದರೆ ಜನ ಮೊದಲು ನಂಬಲ್ಲ, ಆಮೇಲೆ ಪ್ರಶ್ನೆಗಳ ಸುರಿಮಳೆ ಶುರು. ಅದರಲ್ಲಿ ಪದೇ ಪದೇ ಬರುವವನ್ನು ಇಲ್ಲಿ ಹಾಕಿದ್ದೇನೆ. ಜಾಸ್ತಿ ಮಾತು ಅಮೆರಿಕದ ಕಂಪಾಸ್ ಕಾಲ್ ವಿಮಾನದ ಬಗ್ಗೆಯೇ ಇರುತ್ತೆ. ರೇಡಿಯೊ ಸಂಪರ್ಕ ಕೆಡಿಸುವುದಕ್ಕೆಂದೇ ಮಾಡಿದ ವಿಮಾನಗಳಲ್ಲಿ ಅದರಷ್ಟು ಕಾಲ, ಅದರಷ್ಟು ಯುದ್ಧಗಳಲ್ಲಿ ದುಡಿದದ್ದು ಬಹಳ ಕಡಿಮೆ.

ಜಾಮಿಂಗ್ ಅಂದರೆ ಸಿಗ್ನಲ್ ಕಟ್ ಮಾಡೋದಾ?

ಕಟ್ ಮಾಡೋಕೆ ಆಗಲ್ಲ. ರೇಡಿಯೊ ತರಂಗ ಒಮ್ಮೆ ಆಂಟೆನಾ ಬಿಟ್ಟು ಹೊರಟರೆ ಮುಗೀತು, ದಾರಿಯಲ್ಲಿ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಮಾಡುವುದು ಇಷ್ಟೇ: ಅದೇ ಫ್ರೀಕ್ವೆನ್ಸಿಯಲ್ಲಿ ಅದಕ್ಕಿಂತ ಜೋರಾದ ಗದ್ದಲವನ್ನು ಕೇಳುವವನ ಕಿವಿಗೆ ತುಂಬುವುದು. ಜಾತ್ರೆಯಲ್ಲಿ ಮೈಕಿನ ಪಕ್ಕ ನಿಂತವನನ್ನು ಹೆಂಡತಿ ತೇರಿನ ಆ ಕಡೆಯಿಂದ ಕರೆದ ಹಾಗೆ. ಅವಳ ಗಂಟಲು ಸರಿಯಾಗೇ ಇದೆ, ಇವನಿಗೆ ಕೇಳಿಸಲ್ಲ ಅಷ್ಟೆ.

ಇಲ್ಲೇ ಒಂದು ತೊಡಕಿದೆ, ಬಹಳ ಜನ ಇದನ್ನು ಗಮನಿಸಲ್ಲ. ಜಾಮ್ ಆಗಬೇಕಾದ್ದು ಮಾತಾಡುವವನ ಸೆಟ್ ಅಲ್ಲ, ಕೇಳುವವನ ಸೆಟ್. ಮಾತಾಡುವವನು ಎಲ್ಲಿದ್ದಾನೆ ಅಂತ ಹುಡುಕಬಹುದು, ಅವನೇ ತರಂಗ ಬಿಡುತ್ತಿರುತ್ತಾನೆ. ಸುಮ್ನೆ ಕೂತು ಕೇಳುತ್ತಿರುವವನನ್ನು ಹುಡುಕೋದು ಹೇಗೆ? ಅವನು ಉತ್ತರ ಕೊಟ್ಟಾಗ ಮಾತ್ರ ಸಿಕ್ಕಿಬೀಳುತ್ತಾನೆ. ಅದಕ್ಕೇ ಈ ವಿಮಾನಗಳು ಗದ್ದಲ ಮಾಡುವುದಕ್ಕಿಂತ ಜಾಸ್ತಿ ಹೊತ್ತು ಕಿವಿಗೊಟ್ಟು ಕೇಳುತ್ತಾ ಇರುತ್ತವೆ.

ನೆಲದ ಮೇಲೆ ಒಂದು ಲಾರಿಯಲ್ಲಿ ಇಟ್ಟರೆ ಸಾಲದಾ? ವಿಮಾನವೇ ಯಾಕೆ?

ಎತ್ತರಕ್ಕಾಗಿ. ವಾಕಿಟಾಕಿಯಂಥ ರೇಡಿಯೊ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ಗೆರೆಯಲ್ಲಿ ಸಾಗುತ್ತೆ. ನೆಲದಿಂದ 2 ಮೀಟರ್ ಎತ್ತರದ ಆಂಟೆನಾಗೆ ಸುಮಾರು 6 ಕಿಲೋಮೀಟರ್‌ಗೇ ದಿಗಂತ ಬಂದುಬಿಡುತ್ತೆ, ಮಧ್ಯೆ ಗುಡ್ಡ ಇದ್ದರೆ ಅದೂ ಇಲ್ಲ. ಅದೇ 25,000 ಅಡಿ ಎತ್ತರದಲ್ಲಿ ಹಾರುವ ವಿಮಾನಕ್ಕೆ ದಿಗಂತ ಸುಮಾರು 360 ಕಿಲೋಮೀಟರ್ ದೂರ.

ಒಂದು ಚಿಕ್ಕ ಲೆಕ್ಕ ಹಾಕೋಣ. ಇಬ್ಬರು 5 ಕಿಲೋಮೀಟರ್ ಅಂತರದಲ್ಲಿ 5 ವ್ಯಾಟ್ ಸೆಟ್ ಹಿಡಿದು ಮಾತಾಡುತ್ತಿದ್ದಾರೆ, ಜಾಮರ್ 100 ಕಿಲೋಮೀಟರ್ ದೂರದಲ್ಲಿದೆ. ದೂರ 20 ಪಟ್ಟು, ಹಾಗಾಗಿ ಶಕ್ತಿ 400 ಪಟ್ಟು ಬೇಕು, ಅಂದರೆ 2,000 ವ್ಯಾಟ್. ದೊಡ್ಡ ವಿಮಾನಕ್ಕೆ ಇದು ಕಷ್ಟವಲ್ಲ. ಆಂಟೆನಾವನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ಇನ್ನೂ ಕಡಿಮೆ ಸಾಕು. ಮೇಲಾಗಿ ನೆಲದವರ ಮಾತು ಮನೆ, ಮರ, ಮಣ್ಣಿಗೆ ತಾಗಿ ಸೊರಗುತ್ತಾ ಹೋಗುತ್ತೆ, ಮೇಲಿಂದ ಬರುವ ಗದ್ದಲಕ್ಕೆ ಅಡ್ಡಿಯೇ ಇಲ್ಲ. ನಿಜವಾದ ಲೆಕ್ಕ ಜಾಮರ್ ಕಡೆಗೇ ವಾಲುತ್ತೆ.

ಕಂಪಾಸ್ ಕಾಲ್ ನೋಡೋಕೆ ಹೇಗಿದೆ?

ನಮ್ಮ ವಾಯುಪಡೆಯ ಸಿ-130ಜೆ ನೋಡಿದ್ದೀರಲ್ಲ, ಅದೇ ಹರ್ಕ್ಯುಲಿಸ್ ವಂಶದ ಹಳೆಯ ಮಾದರಿ. ಹೆಸರು ಇಸಿ-130ಎಚ್. ನಾಲ್ಕು ಪ್ರೊಪೆಲ್ಲರ್, ದಪ್ಪ ಹೊಟ್ಟೆ, ವೇಗ ಗಂಟೆಗೆ 480 ಕಿಲೋಮೀಟರ್ ಆಸುಪಾಸು. ಅಮೆರಿಕದ ವಾಯುಪಡೆಯ ಕೈಗೆ ಬಂದದ್ದು 1980ರ ದಶಕದ ಶುರುವಿನಲ್ಲಿ. ಇದ್ದದ್ದು ಒಟ್ಟು 14. ಮನೆ ಅರಿಜೋನಾದ ಟೂಸಾನ್ ಊರಿನ ಡೇವಿಸ್-ಮಂಥನ್ ವಾಯುನೆಲೆ.

ದೂರದಿಂದಲೇ ಗುರುತಿಸಬೇಕು ಅಂದರೆ ಬಾಲ ನೋಡಿ. ಬಾಲದ ಕೆಳಗೆ ಆಂಟೆನಾ ತಂತಿಗಳನ್ನು ಬಿಗಿದ ಚೌಕಟ್ಟಿನಂಥದ್ದು ಇಳಿಬಿದ್ದಿರುತ್ತೆ, ಹಿಂಬದಿಯ ಎರಡೂ ಪಕ್ಕದಲ್ಲಿ ಗುಳ್ಳೆ ಎದ್ದಂಥ ಉಬ್ಬು. ಚೆಂದದ ವಿಮಾನ ಅಂತ ಯಾರೂ ಹೇಳಲ್ಲ.

ಒಳಗೆ 13 ಜನ ಯಾಕೆ ಕೂತಿರುತ್ತಾರೆ? ಎಲ್ಲ ಕಂಪ್ಯೂಟರೇ ಮಾಡಲ್ವಾ?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ನಾಲ್ಕು ಜನ ವಿಮಾನ ನಡೆಸುವವರು. ಉಳಿದ ಒಂಬತ್ತು ಜನ ಹಿಂದೆ ಸಾಲು ಪರದೆಗಳ ಮುಂದೆ ಹೆಡ್‌ಫೋನ್ ಹಾಕಿ ಕೂತಿರುತ್ತಾರೆ. ಅದರಲ್ಲಿ ಎಲೆಕ್ಟ್ರಾನಿಕ್ ವಾರ್‌ಫೇರ್ ಅಧಿಕಾರಿಗಳಿದ್ದಾರೆ, ಹಾರಾಟದಲ್ಲೇ ಉಪಕರಣ ರಿಪೇರಿ ಮಾಡುವ ಒಬ್ಬ ತಂತ್ರಜ್ಞ ಇದ್ದಾನೆ. ಆದರೆ ಅವರಲ್ಲಿ ಜಾಸ್ತಿ ಜನ ಭಾಷೆ ಬಲ್ಲವರು. ಎದುರಾಳಿ ಯಾವ ಭಾಷೆ ಆಡುತ್ತಾನೋ ಆ ಭಾಷೆ ಕಲಿತ ಸೈನಿಕರು. ಅಮೆರಿಕದ ಸೈನ್ಯ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಇದಕ್ಕೆಂದೇ ಭಾಷಾ ಶಾಲೆ ನಡೆಸುತ್ತೆ.

ಯಂತ್ರ ಇಂಥ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಇದೆ ಅಂತ ತೋರಿಸುತ್ತೆ, ಸರಿ. ಅಲ್ಲಿ ಮಾತಾಡುತ್ತಿರೋದು ಟ್ಯಾಕ್ಸಿ ಡ್ರೈವರಾ, ಆಸ್ಪತ್ರೆಯವರಾ, ಫಿರಂಗಿ ಹೊಡೆಸುತ್ತಿರುವ ಕಮಾಂಡರಾ? ಅದನ್ನು ಕಿವಿಯಿಂದಲೇ ತಿಳಿಯಬೇಕು. ದನಿಯಲ್ಲಿ ಅವಸರ ಇದೆಯಾ, ಒಬ್ಬ ಕೇಳಿದ್ದನ್ನೇ ಇನ್ನೊಬ್ಬ ತಿರುಗಿ ಹೇಳುತ್ತಿದ್ದಾನಾ, ಯಾರು ಯಾರಿಗೆ ಅಪ್ಪಣೆ ಕೊಡುತ್ತಿದ್ದಾರೆ, ಇವೆಲ್ಲ ಕೇಳಿ ಇವನೇ ಮುಖ್ಯ ಅಂತ ಗುರುತಿಸುತ್ತಾರೆ. ಆಮೇಲೆ ಆ ಒಂದು ಸಂಪರ್ಕವನ್ನು ಮಾತ್ರ ಹೊಡೆಯುತ್ತಾರೆ. ಎಲ್ಲವನ್ನೂ ಒಟ್ಟಿಗೆ ಕೆಡಿಸಿದರೆ ಶಕ್ತಿ ಹಂಚಿಹೋಗಿ ಯಾವುದೂ ಸರಿಯಾಗಿ ಕೆಡುವುದಿಲ್ಲ.

ಹಾಗಾದರೆ ಕೇಳಿಸಿಕೊಳ್ಳೋದೇ ಲಾಭ ಅಲ್ವಾ? ಜಾಮ್ ಮಾಡಿದರೆ ಬರುತ್ತಿದ್ದ ಮಾಹಿತಿಯೂ ಹೋಗುತ್ತೆ?

ಹೌದು, ಜಗಳವೇ ಇದು. ಗೂಢಚರ್ಯೆಯವರು ‘ಬಿಡಿ, ಮಾತಾಡಲಿ, ಕೇಳೋಣ’ ಅಂತಾರೆ. ನೆಲದ ಮೇಲೆ ದಾಳಿಗೆ ಹೊರಟವರು ಈಗಲೇ ಮುಚ್ಚಿಸಿ ಅಂತಾರೆ. ಇಬ್ಬರದ್ದೂ ನ್ಯಾಯವೇ. ಹಾಗಾಗಿ ಹೆಚ್ಚಿನ ಕಾರ್ಯಾಚರಣೆಗಳಲ್ಲಿ ಮುಟ್ಟಲೇಬಾರದ ಫ್ರೀಕ್ವೆನ್ಸಿಗಳ ಪಟ್ಟಿಯೊಂದು ಮೊದಲೇ ತಯಾರಿರುತ್ತೆ. ಅದರಲ್ಲಿ ಸ್ವಂತ ಪಡೆಯ ಚಾನೆಲ್‌ಗಳು, ಎಲ್ಲರ ಅಪಾಯದ ಕರೆಗೆ ಮೀಸಲಾದ ಫ್ರೀಕ್ವೆನ್ಸಿಗಳು, ಜೊತೆಗೆ ಕೇಳುತ್ತಾ ಇರಬೇಕಾದ ಶತ್ರುವಿನ ಚಾನೆಲ್‌ಗಳೂ ಇರುತ್ತವೆ.

ಜಾಮಿಂಗ್ ಪರಿಣಾಮ ಜಾಸ್ತಿ ಆಗೋದು ಸಮಯ ನೋಡಿ ಮಾಡಿದಾಗ. ದಿನವಿಡೀ ಕಿರಿಕಿರಿ ಮಾಡಿದರೆ ಎದುರಾಳಿ ತಂತಿ ಎಳೀತಾನೆ, ಬೈಕಿನಲ್ಲಿ ಹುಡುಗನನ್ನು ಕಳಿಸ್ತಾನೆ, ಬೇರೆ ಸೆಟ್ ತರ್ತಾನೆ. ದಾಳಿ ಶುರುವಾಗುವ ಹತ್ತು ನಿಮಿಷದಲ್ಲಿ ಮಾತ್ರ ಮಾತು ನಿಂತುಹೋದರೆ? ಯೋಚಿಸೋಕೂ ಪುರಸೊತ್ತು ಸಿಗಲ್ಲ.

ಇದೆಲ್ಲ ಇತ್ತೀಚಿನ ಕಂಪ್ಯೂಟರ್ ಯುಗದ ವಿದ್ಯೆಯಾ?

ಅಲ್ಲವೇ ಅಲ್ಲ. 1943ರಲ್ಲೇ ಬ್ರಿಟಿಷರು ಇದನ್ನು ಮಾಡಿ ಮುಗಿಸಿದ್ದರು. ರಾತ್ರಿ ಜರ್ಮನಿಯ ಮೇಲೆ ಬಾಂಬ್ ಹಾಕಲು ಹೋಗುವ ವಿಮಾನಗಳನ್ನು ಜರ್ಮನ್ ಫೈಟರ್‌ಗಳು ಬೇಟೆಯಾಡುತ್ತಿದ್ದವು. ಆ ಫೈಟರ್‌ಗಳಿಗೆ ನೆಲದಿಂದ ಒಬ್ಬ ಕಂಟ್ರೋಲರ್ ರೇಡಿಯೊದಲ್ಲಿ ದಾರಿ ಹೇಳುತ್ತಿದ್ದ. ಬ್ರಿಟಿಷರು ಆ ದನಿಯ ಹಿಂದೆ ಬಿದ್ದರು.

ಮೊದಮೊದಲು ಉಪಾಯ ಬಹಳ ಸರಳ ಇತ್ತು. ಬಾಂಬರ್‌ನ ಎಂಜಿನ್ ಪಕ್ಕದಲ್ಲೇ ಒಂದು ಮೈಕ್ರೊಫೋನ್ ಇಟ್ಟು, ಜರ್ಮನ್ ಮಾತು ಕೇಳಿಸಿದ ಫ್ರೀಕ್ವೆನ್ಸಿಯಲ್ಲಿ ಆ ಎಂಜಿನ್ ಸದ್ದನ್ನೇ ಬಿಡುವುದು. ಇದಕ್ಕೆ ಟಿನ್ಸೆಲ್ ಅಂತ ಹೆಸರು. ಆಮೇಲೆ ಬಂತು ಏರ್‌ಬೋರ್ನ್ ಸಿಗಾರ್. ಲಿಂಕನ್‌ಶೈರ್‌ನ ಲಡ್‌ಫರ್ಡ್ ಮ್ಯಾಗ್ನಾದಲ್ಲಿದ್ದ 101ನೇ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಏಳು ಜನರ ಜೊತೆ ಎಂಟನೆಯವನೊಬ್ಬ ಕೂರತೊಡಗಿದ, ಜರ್ಮನ್ ಗೊತ್ತಿದ್ದವನು. ಅವನ ಮುಂದೆ ಒಂದು ಪುಟ್ಟ ಪರದೆ. ಯಾರಾದರೂ ಮಾತಾಡಿದರೆ ಅದರಲ್ಲಿ ಬೆಳಕಿನ ಗೆರೆ ಏಳುತ್ತಿತ್ತು. ಅವನು ಅಲ್ಲಿಗೆ ಟ್ಯೂನ್ ಮಾಡಿ, ಕೇಳಿ, ಹೌದು ಇದು ಫೈಟರ್ ಕಂಟ್ರೋಲರೇ ಅಂತ ಖಾತ್ರಿ ಮಾಡಿಕೊಂಡು ಟ್ರಾನ್ಸ್‌ಮಿಟರ್ ಒತ್ತುತ್ತಿದ್ದ. ಏರಿಳಿಯುವ ಒಂದು ಕರ್ಕಶ ಸ್ವರ ಹೊರಡುತ್ತಿತ್ತು. ಕಂಟ್ರೋಲರ್ ಬೇರೆ ಫ್ರೀಕ್ವೆನ್ಸಿಗೆ ಜಾರಿದರೆ ಇವನೂ ಹಿಂದೆಯೇ. ಕಂಪಾಸ್ ಕಾಲ್‌ನಲ್ಲಿ ಕೂತವರ ಕೆಲಸಕ್ಕೂ ಇದಕ್ಕೂ ತಿರುಳಿನಲ್ಲಿ ವ್ಯತ್ಯಾಸವೇ ಇಲ್ಲ.

ಹೀಗೆ ಜರ್ಮನ್ ಬಲ್ಲ ಆಪರೇಟರ್‌ಗಳಲ್ಲಿ ಕೆಲವರು ಯಹೂದಿಗಳು. ವಿಮಾನ ಉರುಳಿ ಜರ್ಮನರ ಕೈಗೆ ಸಿಕ್ಕರೆ ಅವರ ಗತಿ ಏನು ಅಂತ ಹೇಳಬೇಕಿಲ್ಲ. ಈ ಉಪಕರಣ ಹೊತ್ತದ್ದರಿಂದ 101ನೇ ಸ್ಕ್ವಾಡ್ರನ್ ಹೆಚ್ಚುಕಡಿಮೆ ಪ್ರತಿ ದೊಡ್ಡ ದಾಳಿಗೂ ಹೋಗಲೇಬೇಕಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅದರ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು.

ಸುಳ್ಳು ಆದೇಶ ಕೊಟ್ಟು ದಾರಿ ತಪ್ಪಿಸಿದ್ದೂ ಉಂಟಂತೆ?

ಉಂಟು. ಅದು ಕೊರೊನಾ, ರೋಗ ಅಲ್ಲ, ಕಾರ್ಯಾಚರಣೆಯ ಹೆಸರು. ಇಂಗ್ಲೆಂಡಿನ ನೆಲದ ಮೇಲಿನ ಸ್ಟೇಷನ್ನಿಂದಲೇ ಜರ್ಮನ್ ಬಲ್ಲವರು ಕಂಟ್ರೋಲರ್ ಹಾಗೆ ನಟಿಸಿ ಜರ್ಮನ್ ಪೈಲಟ್‌ಗಳಿಗೆ ತಪ್ಪು ದಾರಿ ಹೇಳುತ್ತಿದ್ದರು. 1943ರ ಅಕ್ಟೋಬರ್‌ನ ಕಾಸೆಲ್ ದಾಳಿಯ ರಾತ್ರಿಯ ಪ್ರಸಂಗ ಪ್ರಸಿದ್ಧ. ನಿಜವಾದ ಕಂಟ್ರೋಲರ್‌ಗೆ ಸಿಟ್ಟು ನೆತ್ತಿಗೇರಿ ಬೈಯತೊಡಗಿದಾಗ, ನಕಲಿ ದನಿಯು ‘ನೋಡಿ, ಈಗ ಇಂಗ್ಲಿಷಿನವನು ಬೈಯುತ್ತಿದ್ದಾನೆ’ ಅಂತ ಪೈಲಟ್‌ಗಳಿಗೆ ಹೇಳಿತಂತೆ. ಬೈಯುತ್ತಿರೋದು ಇಂಗ್ಲಿಷಿನವನಲ್ಲ, ನಾನು ಅಂತ ಅಸಲಿಯವನು ಕೂಗಿದನಂತೆ. ಪಾಪ, ಯಾರನ್ನು ನಂಬೋದು ಪೈಲಟ್? ಜರ್ಮನರು ಕಂಟ್ರೋಲರ್ ಜಾಗಕ್ಕೆ ಹೆಂಗಸರನ್ನು ಕೂರಿಸಿದರೆ, ಬ್ರಿಟಿಷರ ಬಳಿ ಜರ್ಮನ್ ಆಡುವ ಹೆಂಗಸರೂ ತಯಾರಿದ್ದರು.

ಗ್ರೌಲರ್ ಕೂಡ ಇದೇ ಕೆಲಸ ಮಾಡೋದಾ?

ಅಕ್ಕಪಕ್ಕದ ಕೆಲಸ. ಕಂಪಾಸ್ ಕಾಲ್ ಮುಖ್ಯವಾಗಿ ಮಾತಿನ ಹಿಂದೆ ಬಿದ್ದರೆ, ಅಮೆರಿಕದ ನೌಕಾಪಡೆಯ ಇಎ-18ಜಿ ಗ್ರೌಲರ್ ಮುಖ್ಯವಾಗಿ ರೇಡಾರ್ ಹಿಂದೆ ಬೀಳುತ್ತೆ. ಪೈಲಟ್‌ಗಳ ರೇಡಿಯೊ ಸಂಕೇತದಲ್ಲಿ ರೇಡಾರ್ ಜಾಮಿಂಗ್‌ಗೆ ಮ್ಯೂಸಿಕ್, ಮಾತಿನ ಜಾಮಿಂಗ್‌ಗೆ ಬಝರ್ ಅಂತಾರೆ.

ರೇಡಾರ್ ಜಾಮ್ ಮಾಡೋದರಲ್ಲಿ ಜಾಮರ್‌ಗೆ ಒಂದು ಪುಕ್ಕಟೆ ಲಾಭವಿದೆ. ರೇಡಾರ್‌ನ ತರಂಗ ಹೋಗಿ, ತಾಗಿ, ವಾಪಸ್ ಬರಬೇಕು. ಎರಡು ಕಡೆಯ ಪಯಣದಲ್ಲಿ ಅದು ಸೋತು ಸುಣ್ಣವಾಗಿರುತ್ತೆ. ಜಾಮರ್‌ನದ್ದು ಒಂದೇ ಕಡೆಯ ಪಯಣ. ಆದರೆ ಹತ್ತಿರ ಹೋದಂತೆ ಲೆಕ್ಕ ತಿರುಗುತ್ತೆ. ದೂರ ಅರ್ಧ ಆದರೆ ಜಾಮರ್‌ನ ಗದ್ದಲ 4 ಪಟ್ಟು ಏರುತ್ತೆ, ರೇಡಾರ್‌ನ ಪ್ರತಿಧ್ವನಿ 16 ಪಟ್ಟು ಏರುತ್ತೆ. ಒಂದು ಹಂತದಲ್ಲಿ ಗದ್ದಲವನ್ನು ಸೀಳಿಕೊಂಡು ವಿಮಾನ ರೇಡಾರ್‌ಗೆ ಕಂಡೇಬಿಡುತ್ತೆ. ಇದಕ್ಕೆ ಬರ್ನ್-ಥ್ರೂ ಅಂತಾರೆ. ಜಾಮರ್ ಇದೆ ಅಂತ ಧೈರ್ಯವಾಗಿ ರೇಡಾರ್ ತಲೆಯ ಮೇಲೇ ಹಾರಿ ಹೋಗೋಕೆ ಆಗಲ್ಲ.

ಗ್ರೌಲರ್‌ಗಿಂತ ಮೊದಲು ಇಎ-6ಬಿ ಪ್ರೌಲರ್ ಇತ್ತು, 1971ರಿಂದ. ನಾಲ್ಕು ಸೀಟು, ಒಬ್ಬ ಪೈಲಟ್, ಮೂವರು ಜಾಮಿಂಗ್ ಮಾಡುವವರು. ಅಮೆರಿಕದ ಮರೀನ್‌ಗಳು ಕೊನೆಯ ಪ್ರೌಲರ್‌ಗಳನ್ನು 2019ರಲ್ಲಿ ಬಿಟ್ಟರು. ಗ್ರೌಲರ್‌ನಲ್ಲಿ ಇಬ್ಬರೇ. ಅಮೆರಿಕ ಬಿಟ್ಟರೆ ಅದು ಇರೋದು ಆಸ್ಟ್ರೇಲಿಯಾ ಹತ್ತಿರ ಮಾತ್ರ.

ಪ್ರೌಲರ್‌ನ ಗಾಜು ಬಂಗಾರದ ಬಣ್ಣ ಯಾಕೆ? ರೆಕ್ಕೆ ಕೆಳಗಿನ ಪುಟ್ಟ ಫ್ಯಾನ್ ಏನು?

ಗಾಜಿಗೆ ಬಂಗಾರದ ತೆಳು ಪದರ ಇದೆ. ತನ್ನದೇ ಜಾಮರ್‌ನ ತರಂಗ ಒಳಗಿದ್ದವರಿಗೆ, ಉಪಕರಣಗಳಿಗೆ ತಾಗದಿರಲಿ ಅಂತ.

ಫ್ಯಾನ್ ಇರೋದು ಎಎಲ್‌ಕ್ಯು-99 ಪಾಡ್‌ನ, ಅಂದರೆ ವಿಮಾನದ ಕೆಳಗೆ ನೇತುಹಾಕುವ ಜಾಮರ್ ಪೆಟ್ಟಿಗೆಯ ಮೂತಿಯಲ್ಲಿ. ಹಾರುವಾಗ ಗಾಳಿಗೆ ಅದು ತಿರುಗಿ ಆ ಪಾಡ್‌ಗೆ ಬೇಕಾದ ಕರೆಂಟನ್ನು ಅಲ್ಲೇ ಉತ್ಪಾದಿಸುತ್ತೆ. ವಿಮಾನದ ಎಂಜಿನ್ ಹತ್ತಿರ ಸಾಲ ಕೇಳೋ ಹಂಗಿಲ್ಲ. ಈ ಪಾಡ್ ವಿಯೆಟ್ನಾಂ ಕಾಲದ್ದು, ಗ್ರೌಲರ್‌ಗೂ ಅದೇ ಬಂತು. ಈಗ ಅದರ ಜಾಗಕ್ಕೆ ನೆಕ್ಸ್ಟ್ ಜನರೇಷನ್ ಜಾಮರ್ ಅನ್ನೋ ಹೊಸ ಪಾಡ್ ಬರ್ತಿದೆ.

ಫ್ರೀಕ್ವೆನ್ಸಿ ಹಾರಿಸುವ ರೇಡಿಯೊ ಬಂದ ಮೇಲೆ ಜಾಮಿಂಗ್ ಸತ್ತಂತೆ ಅಲ್ವಾ?

ಕಷ್ಟವಾಗಿದೆ, ಸತ್ತಿಲ್ಲ. ಅಮೆರಿಕದ ಸಿಂಕ್‌ಗಾರ್ಸ್ ಸೆಟ್ ಸೆಕೆಂಡಿಗೆ 111 ಸಲ ಫ್ರೀಕ್ವೆನ್ಸಿ ಬದಲಿಸುತ್ತೆ. ಕೈಯಲ್ಲಿ ಗುಂಡಿ ತಿರುಗಿಸಿ ಬೆನ್ನಟ್ಟೋಕೆ ಆಗುವ ಮಾತಲ್ಲ, ಕಂಪ್ಯೂಟರೇ ಬೇಕು. ಅದು ಪ್ರತಿ ಜಿಗಿತವನ್ನೂ ಹಿಂಬಾಲಿಸಬೇಕು, ಇಲ್ಲ ಅಂದರೆ ಇಡೀ ಪಟ್ಟಿಗೇ ಗದ್ದಲ ಹರಡಬೇಕು. ಆದರೆ ಒಂದು ಮಾತು. ಇಂಥ ಸೆಟ್ ಹೆಚ್ಚುಕಡಿಮೆ ಸಮಬಲದ ಸೈನ್ಯಗಳ ಬಳಿ ಇರುತ್ತೆ. ಕಳೆದ ಇಪ್ಪತ್ತೈದು ವರ್ಷ ಅಮೆರಿಕ ಎದುರಿಸಿದ್ದು ಅಫ್ಘಾನಿಸ್ತಾನ, ಇರಾಕ್‌ಗಳಲ್ಲಿ ಅಂಗಡಿಯಲ್ಲಿ ಸಿಗೋ ವಾಕಿಟಾಕಿ, ಮೊಬೈಲ್ ಹಿಡಿದವರನ್ನು. ಐಸಿಸ್ ವಿರುದ್ಧವೂ ಕಂಪಾಸ್ ಕಾಲ್ ಹಾರಿತು.

ಸ್ವಂತ ಪಡೆಯ ರೇಡಿಯೊ ಕೆಡಲ್ವಾ?

ಕೆಡುತ್ತೆ. ಪರಪ್ಪನ ಅಗ್ರಹಾರ ಜೈಲಿನ ಜಾಮರ್‌ನಿಂದ ಪಕ್ಕದ ಬಡಾವಣೆಯವರಿಗೂ ಮೊಬೈಲ್ ಸಿಗ್ನಲ್ ಸಿಗಲ್ಲ ಅನ್ನೋ ದೂರು ಪತ್ರಿಕೆಗಳಲ್ಲಿ ಬಂದದ್ದು ನೆನಪಿರಬಹುದು. ತರಂಗಕ್ಕೆ ಕಾಂಪೌಂಡ್ ಗೋಡೆ ಗೊತ್ತಿಲ್ಲ. ಇರಾಕಿನಲ್ಲಿ ರಸ್ತೆಬದಿಯ ಬಾಂಬ್‌ಗಳನ್ನು ರಿಮೋಟಿನಿಂದ ಸಿಡಿಸದಂತೆ ಜಾಮ್ ಮಾಡಲು ಹೋಗಿ ಅಮೆರಿಕದವರು ತಮ್ಮದೇ ರೇಡಿಯೊ ಸಂಪರ್ಕಕ್ಕೆ ತೊಂದರೆ ತಂದುಕೊಂಡರು. ಅಲ್ಲಿ ಯಾವ ಫ್ರೀಕ್ವೆನ್ಸಿ ಯಾರದ್ದು ಅಂತ ಹಂಚೋದೇ ಒಂದು ದೊಡ್ಡ ಕೆಲಸವಾಯ್ತು. ಗ್ರೌಲರ್‌ನಲ್ಲಿ ತನ್ನ ಗದ್ದಲವನ್ನು ತಾನೇ ಕಳೆದು ರೇಡಿಯೊ ಮಾತು ಕೇಳುವ ವ್ಯವಸ್ಥೆ ಇದೆ. ಪ್ರೌಲರ್‌ನವರಿಗೆ ಆ ಭಾಗ್ಯ ಇರಲಿಲ್ಲ.

ಸ್ಟೆಲ್ತ್ ವಿಮಾನ ಇದ್ದರೆ ಜಾಮರ್ ಯಾಕೆ?

ಸ್ಟೆಲ್ತ್ ಅಂದರೆ ಮಾಯ ಆಗೋದಲ್ಲ, ರೇಡಾರ್‌ಗೆ ಕಾಣುವ ದೂರ ಕಮ್ಮಿ ಆಗೋದು. ಕೊಸೊವೊ ಯುದ್ಧದಲ್ಲಿ, 1999ರ ಮಾರ್ಚ್ 27ರಂದು, ಸರ್ಬಿಯಾದವರು ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117 ಹೊಡೆದುರುಳಿಸಿದ್ದು ಹಳೆಯ ಸೋವಿಯತ್ ಎಸ್-125 ಮಿಸೈಲಿನಿಂದ. ದೂರದಿಂದ ಗುರುತಿಸೋಕೆ ಬಳಸಿದ್ದು ಇನ್ನೂ ಕಡಿಮೆ ಫ್ರೀಕ್ವೆನ್ಸಿಯ ಪಿ-18 ರೇಡಾರ್. ಅಮೆರಿಕದ ವಾಯುಪಡೆ ಹಿಂದಿನ ವರ್ಷ ತಾನೆ ತನ್ನ ಇಎಫ್-111 ಜಾಮರ್‌ಗಳನ್ನು ನಿವೃತ್ತಿ ಮಾಡಿತ್ತು. ಆ ಯುದ್ಧದಲ್ಲಿ ನೌಕಾಪಡೆ, ಮರೀನ್‌ಗಳ ಪ್ರೌಲರ್‌ಗಳನ್ನೇ ನೆಚ್ಚಿಕೊಳ್ಳಬೇಕಾಯ್ತು. ನನ್ನ ಪ್ರಕಾರ ಆ ನಿವೃತ್ತಿ ದುಡುಕಿನ ನಿರ್ಧಾರ.

ಇಷ್ಟು ಗದ್ದಲ ಮಾಡುವ ವಿಮಾನವನ್ನು ಹೊಡೆಯೋದು ಸುಲಭ ಅಲ್ವಾ?

ಜಾಮಿಂಗ್ ತರಂಗದ ಜಾಡು ಹಿಡಿದೇ ಬರುವ ಮಿಸೈಲುಗಳಿವೆ. ಅದಕ್ಕೇ ಕಂಪಾಸ್ ಕಾಲ್‌ನಂಥವು ದೂರ ನಿಂತು ಕೆಲಸ ಮಾಡುತ್ತವೆ, ಮುಂದೆ ಹೋಗೋದು ಗ್ರೌಲರ್‌ನಂಥ ವೇಗದವು.

ಇಎಫ್-111ದ ಒಂದು ಕಥೆ ಹೇಳಲೇಬೇಕು. 1991ರ ಜನವರಿ 17, ಕೊಲ್ಲಿ ಯುದ್ಧದ ಮೊದಲ ರಾತ್ರಿ. ಜೇಮ್ಸ್ ಡೆಂಟನ್, ಬ್ರೆಂಟ್ ಬ್ರಾಂಡನ್ ಇಬ್ಬರೂ ಕೂತಿದ್ದ ವಿಮಾನದಲ್ಲಿ ಒಂದು ಗುಂಡೂ ಇಲ್ಲ. ಇರಾಕಿನ ಮಿರಾಜ್ ಎಫ್-1 ಬೆನ್ನು ಹತ್ತಿತು. ಇವರು ನೆಲಕ್ಕೆ ಅಂಟಿಕೊಂಡಂತೆ ಕೆಳಗೆ ಇಳಿದು ಓಡಿದರು. ಬೆನ್ನಟ್ಟಿದ ಮಿರಾಜ್ ಕತ್ತಲಲ್ಲಿ ನೆಲಕ್ಕೇ ಅಪ್ಪಳಿಸಿತು. ಆಯುಧವೇ ಇಲ್ಲದ ವಿಮಾನದ ಲೆಕ್ಕಕ್ಕೆ ಒಂದು ಫೈಟರ್!

ಕಂಪಾಸ್ ಕಾಲ್ ಈಗಲೂ ಹಾರುತ್ತಾ?

ಹಳೆಯವು ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಜಾಗಕ್ಕೆ ಬರ್ತಿರೋದು ಇಎ-37ಬಿ, ಮೂಲದಲ್ಲಿ ಗಲ್ಫ್‌ಸ್ಟ್ರೀಮ್ ಜಿ-550. ಹೌದು, ಶ್ರೀಮಂತರು ಓಡಾಡುವ ಬಿಸಿನೆಸ್ ಜೆಟ್ಟೇ. ಪಕ್ಕೆಗಳಲ್ಲಿ ಉದ್ದ ಉಬ್ಬು ಬಂದು ಈಗ ಬೇರೆಯೇ ಆಕಾರ. ಮೊದಲನೆಯದು 2024ರ ಆಗಸ್ಟ್‌ನಲ್ಲಿ ಡೇವಿಸ್-ಮಂಥನ್‌ಗೆ ಬಂತು. ಆಗಿನ ಯೋಜನೆ 10 ವಿಮಾನಗಳದ್ದು. ಒಳಗಿನ ಉಪಕರಣದ ಬಹುಪಾಲು ಹಳೆಯ ಹರ್ಕ್ಯುಲಿಸ್‌ಗಳದ್ದೇ. 40,000 ಅಡಿಯಿಂದ ದಿಗಂತ ಸುಮಾರು 450 ಕಿಲೋಮೀಟರ್. ಎದುರಾಳಿಯ ಮಿಸೈಲುಗಳ ದೂರ ಹೆಚ್ಚುತ್ತಿರುವಾಗ ಈ ಹೆಚ್ಚುವರಿ 90 ಕಿಲೋಮೀಟರ್ ಸಣ್ಣ ವಿಷಯ ಅಲ್ಲ.

ಬೇರೆ ದೇಶಗಳ ಹತ್ತಿರ?

ರಷ್ಯಾ ಹತ್ತಿರ ಐಎಲ್-22ಪಿಪಿ ಇದೆ, ಎಂಐ-8 ಹೆಲಿಕಾಪ್ಟರಿನ ಜಾಮಿಂಗ್ ರೂಪವೂ ಇದೆ. ಚೀನಾದ ಜೆ-16ಡಿ ಗ್ರೌಲರ್ ಮಾದರಿಯದ್ದು, 2021ರ ಝೂಹೈ ಏರ್ ಶೋದಲ್ಲಿ ತೋರಿಸಿದರು. ಪಾಕಿಸ್ತಾನದ 24ನೇ ಸ್ಕ್ವಾಡ್ರನ್ ಫಾಲ್ಕನ್-20 ವಿಮಾನಗಳನ್ನು ಇದಕ್ಕೆಂದೇ ಇಟ್ಟುಕೊಂಡಿದೆ. ಅದರ ಹೆಸರೇ ಬ್ಲೈಂಡರ್ಸ್.

ಭಾರತದ ಹತ್ತಿರ ಇಲ್ವಾ?

ಗ್ರೌಲರ್ ಅಥವಾ ಕಂಪಾಸ್ ಕಾಲ್‌ನಂಥ, ಇದೊಂದೇ ಕೆಲಸಕ್ಕೆ ಮೀಸಲಾದ ವಿಮಾನಗಳ ಪಡೆ ನಮ್ಮ ವಾಯುಪಡೆಯಲ್ಲಿ ಇಲ್ಲ. ನಮ್ಮದು ಹೆಚ್ಚಾಗಿ ಸ್ವಯಂ ರಕ್ಷಣೆಯ ಜಾಮರ್‌ಗಳು, ಅಂದರೆ ಪ್ರತಿ ಫೈಟರ್ ತನ್ನನ್ನು ತಾನು ಕಾಪಾಡಿಕೊಳ್ಳೋಕೆ. ಇದರ ಬಹಳಷ್ಟು ಕೆಲಸ ನಡೆಯೋದು ಬೆಂಗಳೂರಿನಲ್ಲೇ. ಡಿಆರ್‌ಡಿಒದ ಡೇರ್ ಪ್ರಯೋಗಾಲಯ ಇಲ್ಲಿದೆ. ರೇಡಾರ್ ನಿಮ್ಮ ಮೇಲೆ ಬಿದ್ದಿದೆ ಅಂತ ಪೈಲಟ್‌ಗೆ ಎಚ್ಚರಿಸುವ ತರಂಗ್, ಮಿಗ್-29ರ ಡಿ-29 ವ್ಯವಸ್ಥೆ ಅಲ್ಲಿಯವೇ. ನೆಲದ ಮೇಲಿಂದ ಜಾಮ್ ಮಾಡುವ ‘ಸಂಯುಕ್ತ’ ಅನ್ನೋ ವ್ಯವಸ್ಥೆಯಲ್ಲಿ ಬಿಇಎಲ್ ಕೈ ಇದೆ.

2017ರ ಏರೋ ಇಂಡಿಯಾದಲ್ಲಿ ಯಲಹಂಕದಲ್ಲಿ ವಾಯುಪಡೆಗೆ ಕೊಟ್ಟ ನೇತ್ರ ವಿಮಾನವನ್ನು ಜನ ಜಾಮರ್ ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲೇ ಇರುವ ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯ ಕ್ಯಾಬ್ಸ್ ರೂಪಿಸಿದ್ದು ಅದು. ಮುಖ್ಯ ಕೆಲಸ ರೇಡಾರ್‌ನಿಂದ ನೋಡೋದು. ಶತ್ರುವಿನ ರೇಡಾರ್, ರೇಡಿಯೊ ಕೇಳುವ ಉಪಕರಣವೂ ಅದರಲ್ಲಿದೆ. ಅದು ಕೇಳುತ್ತೆ, ಕಿರುಚಲ್ಲ.

2019ರ ಫೆಬ್ರುವರಿ 27ರಂದು ಅಭಿನಂದನ್ ಅವರ ಮಿಗ್-21ರ ರೇಡಿಯೊ ಜಾಮ್ ಆಗಿತ್ತು, ವಾಪಸ್ ಬನ್ನಿ ಅನ್ನೋ ಸೂಚನೆ ತಲುಪಲಿಲ್ಲ ಅಂತ ಪತ್ರಿಕೆಗಳು ಬರೆದವು. ಜಾಮಿಂಗ್ ತಡೆಯುವ ಹೊಸ ರೇಡಿಯೊಗಳ ಚರ್ಚೆ ಆಮೇಲೆ ಜೋರಾಯ್ತು. ನಮಗೂ ಇಂಥದ್ದೊಂದು ವಿಮಾನ ಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ, ಆದರೆ ಬರೀ ವಿಮಾನ ಸಾಲಲ್ಲ. ಮಂದರಿನ್, ಪಂಜಾಬಿ, ಪಷ್ತೊ ಕೇಳಿ ಅರ್ಥ ಮಾಡಿಕೊಂಡು ಅರ್ಧ ನಿಮಿಷದಲ್ಲಿ ತೀರ್ಮಾನ ಹೇಳುವ ಜನ ಬೇಕು. ವಿಮಾನ ದುಡ್ಡು ಕೊಟ್ಟರೆ ಸಿಗುತ್ತೆ, ಅಂಥ ಕಿವಿ ತಯಾರಾಗೋಕೆ ವರ್ಷಗಳೇ ಬೇಕು.

ನಾವು ಕೂತ ಪ್ಯಾಸೆಂಜರ್ ವಿಮಾನಕ್ಕೆ ಇವುಗಳಿಂದ ಅಪಾಯ ಇದೆಯಾ?

ಇಂಥ ವಿಮಾನಗಳಿಗಿಂತ ನೆಲದಿಂದ ಮಾಡುವ ಜಿಪಿಎಸ್ ಜಾಮಿಂಗ್‌ದೇ ಈಗ ಜಾಸ್ತಿ ಕಾಟ. ಉಪಗ್ರಹದಿಂದ ಬರುವ ಜಿಪಿಎಸ್ ಸಿಗ್ನಲ್ ತೀರಾ ಸಣ್ಣದು, ಕೆಡಿಸೋದು ಸುಲಭ. ಪೈಲಟ್‌ಗಳ ಬಳಿ ಬೇರೆ ದಾರಿಗಳೂ ಇರುತ್ತವೆ, ಹೊರಗಿನ ಸಿಗ್ನಲ್ ಇಲ್ಲದೆಯೇ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುವ ವಿಮಾನದೊಳಗಿನ ಇನರ್ಷಿಯಲ್ ವ್ಯವಸ್ಥೆ, ನೆಲದ ಮೇಲಿನ ರೇಡಿಯೊ ಗುರುತುಗಳು. ಹಾಗಾಗಿ ಆಕಾಶದಿಂದ ಬಿದ್ದುಬಿಡುತ್ತೆ ಅನ್ನೋ ಭಯ ಬೇಡ. ತೊಂದರೆ ಆಗೋದು ಇಳಿಯುವಾಗ ಜಿಪಿಎಸ್ ಬಿಟ್ಟು ಬೇರೇನೂ ಇಲ್ಲದ ಚಿಕ್ಕ ಏರ್‌ಪೋರ್ಟ್‌ಗಳಲ್ಲಿ. 2024ರಲ್ಲಿ ಫಿನ್‌ಏರ್ ಇದೇ ಕಾರಣಕ್ಕೆ ಎಸ್ಟೋನಿಯಾದ ಟಾರ್ಟು ಊರಿಗೆ ವಿಮಾನ ಹಾರಿಸೋದನ್ನು ಒಂದು ತಿಂಗಳು ನಿಲ್ಲಿಸಿತ್ತು.